ನಮ್ಮ ಬೆರಳಿನ ಹಿಂದೆ ಬಿದ್ದವರಿಗೊಂದು ಬಹಿರಂಗ ಪತ್ರ

ಅಬಲೂರು
ಹಿರೇಕೆರೂರು ತಾಲ್ಲೂಕು

ವೆಬ್‌ಸೈಟು, ಆ್ಯಪುಗಳ ವಿಶ್ಲೇಷಕ ಮಹಾಶಯರಿಗೆ,

ನಮ್ಮ ಕ್ಷೇಮಸಮಾಚಾರ ಬರೆಯುವ ಅಗತ್ಯವಿಲ್ಲ, ತಮಗೆ ಗೊತ್ತೇ ಇದೆ. ಎಲ್ಲಿ ಒತ್ತಿದೆವು, ಎಲ್ಲಿ ತಡೆದೆವು, ಯಾವ ಪುಟದಿಂದ ಹೊರಬಿದ್ದೆವು, ಎಲ್ಲ ತಮ್ಮ ವಹಿಯಲ್ಲಿದೆ.

ವಹಿ ಸ್ವಲ್ಪ ತಿದ್ದಬೇಕು. ನಮ್ಮ ಮನೆಯ ಫೋನನ್ನು ಒಬ್ಬ ಬಳಕೆದಾರ ಎಂದು ಹಿಡಿದಿದ್ದೀರಿ. ಬೆಳಿಗ್ಗೆ ಅದರಲ್ಲಿ ಗೋವಿನಜೋಳದ ದರ ನೋಡುವವರು ಅಪ್ಪ, ಮಧ್ಯಾಹ್ನ ಜಂಪರ್ ಡಿಸೈನು ಹುಡುಕುವವರು ಅತ್ತಿಗೆ, ಸಂಜೆ ಕಾರು ಓಡಿಸುವವನು ಆರನೇ ಇಯತ್ತೆಯ ಹುಡುಗ. ಮೂವರನ್ನೂ ಕಲಸಿ ತಾವು ಮಾಡಿದ ಆ ಮನುಷ್ಯನಿಗೆ ರಾತ್ರಿ ಟ್ರ್ಯಾಕ್ಟರ್ ಸಾಲದ ಬೆನ್ನಿಗೇ ಕಸೂತಿ ಜಂಪರಿನ ಜಾಹೀರಾತು ಬರುತ್ತದೆ. ಅಪ್ಪ ಎರಡನ್ನೂ ಕನ್ನಡಕ ಏರಿಸಿ ನೋಡುತ್ತಾರೆ. ಅದನ್ನೂ 'ಆಸಕ್ತಿ' ಎಂದು ಬರೆದುಕೊಳ್ಳಿ.

2005ರಲ್ಲಿ ಗೂಗಲ್ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು ಅನಲಿಟಿಕ್ಸನ್ನು ಪುಕ್ಕಟೆ ಹಂಚಿದ ಮೇಲೆ ಸಣ್ಣಪುಟ್ಟ ಅಂಗಡಿಯವರೂ ಗಿರಾಕಿಯ ಹೆಜ್ಜೆ ಎಣಿಸತೊಡಗಿದರು. ಈಗಿನ ಲೆಕ್ಕದಲ್ಲಿ ಪುಟ 10 ಸೆಕೆಂಡ್ ದಾಟಿ ತೆರೆದಿದ್ದರೆ ನಾವು ಅದರಲ್ಲಿ ಮಗ್ನರು! ಪಾಪ, ಸಿಗ್ನಲ್ಲಿಗೆ ಕಾಯುತ್ತ ಕೂತವರೂ ಅದೇ ಪಟ್ಟಿಗೆ. ಒಂದೇ ಗುಂಡಿಯನ್ನು ಪಟಪಟ ಒತ್ತಿದರೆ 'ಸಿಟ್ಟಿನ ಕ್ಲಿಕ್' ಅನ್ನುತ್ತೀರಂತೆ. ಸಿಟ್ಟಲ್ಲರೀ, ಪರದೆ ಒಡೆದಿದೆ. ಹಣ ಕಟ್ಟುವ ಪುಟದವರೆಗೂ ಬಂದು ಗಿರಾಕಿ ಯಾಕೆ ಓಡಿಹೋದ ಎಂದು ಸಭೆ ಸೇರುತ್ತೀರಿ. ಒಟಿಪಿ ಬರುವ ಸಿಮ್ಮು ಹೊಲದಲ್ಲಿರುವ ಅಣ್ಣನ ಕಿಸೆಯಲ್ಲಿತ್ತು. ಐಪಿ ವಿಳಾಸ ನೋಡಿ ನಮ್ಮನ್ನು ಬೆಂಗಳೂರಿನವರೆಂದು ಬರೆದುಕೊಂಡದ್ದಕ್ಕೆ ಮಾತ್ರ ಉಪಕಾರ. ಊರ ಹುಡುಗರಿಗೆ ಹೆಣ್ಣು ಕೇಳುವಾಗ ತೋರಿಸಬಹುದು.

ಒಪ್ಪಿಗೆ ಕೊಟ್ಟಿದ್ದೀರಲ್ಲ ಎನ್ನುತ್ತೀರಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದದ್ದರಲ್ಲಿ ಓದುವ ಅವಕಾಶ ಇರಬೇಕು. ಕನ್ನಡವೂ ಅದರೊಳಗಿದೆ, ಹುಡುಕಿ ನೋಡಿ.

ಬರವಣಿಗೆಯ ಕರಾರು ನಮ್ಮೂರಿಗೆ ಹೊಸದಲ್ಲ. ಸೋಮೇಶ್ವರ ಗುಡಿಯ ಶಾಸನ ಹೇಳುವಂತೆ ಶಿವಭಕ್ತ ಏಕಾಂತದ ರಾಮಯ್ಯ ಪಂಥ ಕಟ್ಟಿ ತಲೆ ಅರಿದುಕೊಳ್ಳುವ ಮುಂಚೆ ಎದುರಾಳಿಗಳಿಂದ ಓಲೆ ಬರೆಸಿಕೊಂಡ, ಗೆದ್ದ ಮೇಲೆ ದೊರೆ ಬಿಜ್ಜಳನಿಂದ ಜಯಪತ್ರ ಪಡೆದ. ತಾವೂ ಓಲೆ ಕಳಿಸಿ, ಓದಿ ತಿಳಿಸುತ್ತೇವೆ. 'ಒಲ್ಲೆ' ಎನ್ನುವ ಗುಂಡಿಯನ್ನು ಮಾತ್ರ 'ಒಪ್ಪಿದೆ' ಪಕ್ಕದಲ್ಲೇ, ಅಷ್ಟೇ ದಪ್ಪಗೆ ಇಡಿ.

ಇತಿ,
ಅಬಲೂರಿನ ಒಬ್ಬ ಫೋನುದಾರ