ದೇಶವನ್ನು ಮಳಿಗೆಗಿಡುವ ಕ್ರಮ

ವಿಶ್ವಮೇಳ ನಡೆಸುವ ಸರ್ಕಾರಗಳು ಈ ಕ್ರಮ ಅನುಸರಿಸಿದರೆ ಸಾಕು. ದೇಶ ಹೇಗಿದ್ದರೂ ಮೇಳ ಗೆಲ್ಲುತ್ತದೆ.

ಮೊದಲು ನೆಪ ಹುಡುಕಿ. ಕೊಲಂಬಸ್ ಅಮೆರಿಕ ತಲುಪಿದ 400ನೇ ವರ್ಷವನ್ನು ಷಿಕಾಗೊ ಒಂದು ವರ್ಷ ತಡವಾಗಿ, 1893ರಲ್ಲಿ ಆಚರಿಸಿತು, ನೀವೂ ಅವಸರಪಡಬೇಡಿ. ಅಮೃತಶಿಲೆಗೆ ದುಡ್ಡು ಸುರಿಯಬೇಡಿ. ಅಲ್ಲಿನ ‘ಶ್ವೇತನಗರ’ದ ಭವ್ಯ ಗೋಡೆಗಳಿಗೆ ಮೆತ್ತಿದ್ದು ನಾರು ಬೆರೆಸಿದ ಗಾರೆ, ಮೇಲೆ ಬಿಳಿ ಬಣ್ಣ. ನಾಗರಿಕತೆ ಮೇಳ ಮುಗಿಯುವತನಕ ನಿಂತರೆ ಸಾಕು.

ಎರಡನೆಯದು, ಸರಕು. ನಿಮ್ಮಲ್ಲಿಲ್ಲದ್ದನ್ನು ಇದ್ದವರಿಂದ ಮೊದಲೇ ಬರೆಸಿಕೊಳ್ಳಿ. ಹತ್ತು ವರ್ಷದ ಹುಡುಗ ಮಹಾರಾಜ ದುಲೀಪ್ ಸಿಂಗ್‌ನಿಂದ 1849ರಲ್ಲಿ ಬ್ರಿಟಿಷರು ಬರೆಸಿಕೊಂಡ ಕೊಹಿನೂರು 1851ರಲ್ಲಿ ಲಂಡನ್ ಮೇಳದ ಗಾಜಿನ ಅರಮನೆಯಲ್ಲಿತ್ತು. ಜನ ಮುಗಿಬಿದ್ದರು; ವಜ್ರ ಹೊಳೆಯಲಿಲ್ಲ. ಇಂಥ ಹೊತ್ತಿನಲ್ಲಿ ತಪ್ಪು ವಜ್ರದ್ದೆಂದು ತೀರ್ಮಾನಿಸಿ, ಮರುವರ್ಷ ಸಾಣೆ ಹಿಡಿಸಿ. 186 ಕ್ಯಾರೆಟ್ಟು ಸುಮಾರು 106ಕ್ಕೆ ಇಳಿದರೂ ಮರುಗಬೇಡಿ, ಹೋದದ್ದು ನಿಮ್ಮದಲ್ಲವಲ್ಲ. ಭಾರತದ ಅಂಬಾರಿ ಹೊರಲು ಆನೆ ಬೇಕೇ? ಅದೇ ಮೇಳದವರಂತೆ ಹತ್ತಿರದ ಮ್ಯೂಸಿಯಮ್ಮಿನಿಂದ ತೊಗಲು ತುಂಬಿಸಿಟ್ಟದ್ದನ್ನು ತನ್ನಿ. ಅದು ಆಫ್ರಿಕದ ಆನೆಯಾದರೂ ಪರವಾಗಿಲ್ಲ. ನೋಡುವವರು ಕಿವಿ ಅಳೆಯುವುದಿಲ್ಲ.

ಮೂರನೆಯದು, ನೆರೆಹೊರೆ. ಎದುರು ಮಳಿಗೆಯ ನಕ್ಷೆಯನ್ನು ‘ಆಕಸ್ಮಿಕವಾಗಿ’ ನೋಡಿಕೊಳ್ಳಿ. 1937ರ ಪ್ಯಾರಿಸ್ ಮೇಳಕ್ಕೆ ಮುನ್ನ ಹಿಟ್ಲರನ ವಾಸ್ತುಶಿಲ್ಪಿ ಆಲ್ಬರ್ಟ್ ಶ್ಪೇರ್‌ಗೆ ಸೋವಿಯತ್ ಮಳಿಗೆಯ ನಕ್ಷೆ ಹಾಗೇ ಕಣ್ಣಿಗೆ ಬಿತ್ತಂತೆ. ಸುತ್ತಿಗೆ, ಕುಡುಗೋಲು ಎತ್ತಿ ಮುನ್ನುಗ್ಗುವ ಅದರ ಜೋಡಿ ಶಿಲ್ಪಕ್ಕೆ ಎದುರಾಗಿ ಅವನು ಎತ್ತರದ ಗೋಪುರ ನಿಲ್ಲಿಸಿ, ತುದಿಗೆ ಹದ್ದು ಕೂರಿಸಿದ. ನೀವು ತೀರ್ಪುಗಾರರಾಗಿದ್ದರೆ ಅಂದಿನವರಂತೆ ಎರಡಕ್ಕೂ ಚಿನ್ನದ ಪದಕ ಕೊಡಿ. ಯುದ್ಧ ಬರುವವರೆಗೆ ಇಬ್ಬರೂ ಖುಷಿಯಾಗಿರುತ್ತಾರೆ.

ಕೊನೆಯದು, ಮನುಷ್ಯರು. ವಸ್ತು ಎಷ್ಟಿದ್ದರೂ ಜೀವಂತ ಜನ ಕೂತಿದ್ದರೇ ಕಳೆ. ಕೈದಿಗಳನ್ನೇ ಆರಿಸಿ: ಹೇಳಿದಲ್ಲಿ ಕೂರುತ್ತಾರೆ. 1886ರ ಲಂಡನ್ ವಸಾಹತು ಪ್ರದರ್ಶನದಲ್ಲಿ ಕೆಲಸ ಮಾಡಿ ತೋರಿಸಿದ ಭಾರತದ ಕುಶಲಕರ್ಮಿಗಳಲ್ಲಿ ಬಹುಪಾಲು ಜನ ಆಗ್ರಾ ಜೈಲಿನವರು. ಫಲಕದಲ್ಲಿ ಮಾತ್ರ ಜೈಲಿನ ಮಾತೆತ್ತಬೇಡಿ, ಪರಂಪರೆ ಎಂದು ಬರೆಸಿ. ಬೆಲ್ಜಿಯಂ 1958ರಲ್ಲಿ ಕೈದಿಗಳನ್ನೇ ಆರಿಸುವ ಎಚ್ಚರ ತಪ್ಪಿತು. ಬ್ರಸೆಲ್ಸ್ ಮೇಳದ ಹಳ್ಳಿಯಲ್ಲಿ ಕೂರಿಸಿದ್ದ ಅದರ ವಸಾಹತು ಕಾಂಗೋದ ಜನ, ನೋಡುಗರು ಬೇಲಿಯಾಚೆಯಿಂದ ಬಾಳೆಹಣ್ಣು ಎಸೆಯುವುದನ್ನು ಸಹಿಸದೆ, ಮೇಳ ಮುಗಿಯುವ ಮೊದಲೇ ಊರಿಗೆ ಹೊರಟರು. 1960ರಲ್ಲಿ ಅವರ ದೇಶವೇ ಕೈಬಿಟ್ಟು ಹೊರಟಿತು.

ನಿಮಗೂ ಹೀಗಾದರೆ ಧೃತಿಗೆಡಬೇಡಿ. ಹೊಸ ದೇಶವನ್ನು ಮುಂದಿನ ಮೇಳಕ್ಕೆ ಆದರದಿಂದ ಕರೆಯಿರಿ, ಒಂದು ಮಳಿಗೆ ಕೊಡಿ, ಬಾಡಿಗೆಯನ್ನು ಮುಂಗಡವಾಗಿಯೇ ವಸೂಲು ಮಾಡಿ.