ಬುಶ್ ಸಾವುಕಾರ

ಬುಶ್ ಸಾವುಕಾರ್ರ ಮನೆ ಮುಂದೆ ಕಾರು ತಂದು ನಿಲ್ಲಿಸಬಾರದು ಅನ್ನುವುದು ಅವರ ಬೀಗರಿಗೆಲ್ಲ ಗೊತ್ತಾಗಿಹೋಗಿದೆ. ಓಣಿ ಬಾಯಲ್ಲೇ ಗಾಡಿ ಬಿಟ್ಟು ನಡೆದು ಬರುತ್ತಾರೆ. ಮರೆತು ಮನೆತನಕ ಓಡಿಸಿಕೊಂಡು ಬಂದರೋ, ಗಟಾರದ ಮೇಲಿನ ಕಲ್ಲುಚಪ್ಪಡಿ ದಾಟುವಾಗಿನ ಸದ್ದು ಒಳಗೆ ಕೂತವರ ಕಿವಿಗೆ ಬಿದ್ದೇಬೀಳುತ್ತದೆ. ಬಂದವರ ಕೈಗೆ ನೀರಿನ ತಂಬಿಗೆ ಬರುವ ಮೊದಲೇ ತೀರ್ಪು ಹೊರಬೀಳುತ್ತದೆ: "ಎಡಗಡೆ ಮುಂದ ಟಕ್ ಅಂತು. ಲಿಂಕ್ ರಾಡ್ ಹೋಗೈತಿ. ಗುಡ್ ಅಂದಿದ್ರ ಲೋವರ್ ಆರ್ಮ್ ಬುಶ್ ಅಂತಿದ್ನಿ. ಬರ್ರಿ, ಕುಂದರ್ರಿ, ಚಾ ಕುಡೀರಿ. ಜಾಕ್ ಎಲ್ಲೈತಿ ಗಾಡ್ಯಾಗ?"

ಈ ಕುಲದವರು ಜಿಲ್ಲೆಯ ತುಂಬ ಇದ್ದಾರೆ. ಕೊಪ್ಪಳದಲ್ಲಿ ಕಚೇರಿ ನೌಕರರ ವೇಷದಲ್ಲಿ, ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರಿಗಳಾಗಿ, ಯಲಬುರ್ಗಾದಲ್ಲಿ ಮಾಸ್ತರರಾಗಿ ಸಿಗುತ್ತಾರೆ. ನಮ್ಮವರು ಕುಷ್ಟಗಿಯ ಬೀಜ-ಗೊಬ್ಬರದ ಅಂಗಡಿಯವರು. ತಂದೆ-ತಾಯಿ ಇಟ್ಟ ಹೆಸರು ಹಿಡಿದು ವಿಚಾರಿಸಿದರೆ ಯಾರೂ ಅಂಗಡಿ ತೋರಿಸುವುದಿಲ್ಲ. ಬುಶ್ ಸಾವುಕಾರ ಅಂದರೆ ಎಮ್ಮೆ ಕಾಯುವ ಹುಡುಗನೂ ಕೈ ಮಾಡುತ್ತಾನೆ.

ಅಂಗಡಿಯ ಗಲ್ಲೆಯ ಮೇಲೆ ಬಿಲ್ಲು ಹಾರದಂತೆ ಇಟ್ಟಿರುವುದು ಹಳೆಯ ಬುಶ್ಶುಗಳು. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ಎರಡರ ನಡುವೆ ಅಂಟಿಸಿದ ಕರಿ ರಬ್ಬರು. ಚಕ್ರವನ್ನು ಹಿಡಿದ ತೋಳು ಮೇಲೆ ಕೆಳಗೆ ಆಡಬೇಕಾದರೆ ಈ ರಬ್ಬರು ತಿರುಚಿಕೊಳ್ಳಬೇಕು. ರಸ್ತೆಯ ಪೆಟ್ಟನ್ನೂ ಅದೇ ನುಂಗಿಕೊಳ್ಳಬೇಕು. ಯೂರಿಯಾ ಕೇಳಲು ಬಂದವರಿಗೆ ಸಾವುಕಾರರು ಒಂದು ಬುಶ್ ಎತ್ತಿ, ರಬ್ಬರಿನ ಸೀಳಿನಲ್ಲಿ ಐದು ರೂಪಾಯಿ ನಾಣ್ಯ ತೂರಿಸಿ ತೋರಿಸುತ್ತಾರೆ. "ನೋಡಪ್ಪಾ, ಇಷ್ಟ ಹರದೈತಿ. ಬ್ರೇಕ್ ಹಾಕಿದ್ರ ಸ್ಟೇರಿಂಗ್ ಒಂದ್ ಕಡೆ ಜಗ್ಗತೈತಿ, ಟೈರ್ ಒಳಗಿನ ಅಂಚು ಸವೀತೈತಿ. ಮಂದಿ ಟೈರ್ ಬದ್ಲಿ ಮಾಡ್ತಾರ, ಬುಶ್ ನೋಡೂದಿಲ್ಲ!" ರೈತ ಹೌದ್ರೀ ಅನ್ನುತ್ತಾನೆ. ಅವನದು ಎತ್ತಿನ ಬಂಡಿ.

ಅಲ್ಲಿಗೆ ಬಿಟ್ಟರೆ ಪುಣ್ಯ. ರಬ್ಬರಿನ ಗಡಸುತನ ಅಳೆಯಲು ಶೋರ್ ಎ ಅನ್ನುವ ಮಾಪನ ಇದೆ. ಕಂಪನಿಯ ರಬ್ಬರ್ ಬುಶ್ 50ರಿಂದ 60ರ ಆಸುಪಾಸು, ಪಾಲಿಯುರೆಥೇನ್ ಬುಶ್ 80, 90ರ ತನಕ. ಇದನ್ನು ಅವರು ಎಲ್ಲರಿಗೂ ಹೇಳುತ್ತಾರೆ. ಡಿಎಪಿ ಕೇಳಲು ಬಂದಿದ್ದ ತಾವರಗೇರಿ ಕಡೆಯ ರೈತನೊಬ್ಬ ಪೂರ್ತಿ ಕೇಳಿಸಿಕೊಂಡು, "ಸಾವುಕಾರ್ರ, 18-46 ಗೊತ್ತೈತಿ, 10-26-26 ಗೊತ್ತೈತಿ. ಈ 80-90 ಯಾವ್ ಕಂಪನೀದ್ರೀ? ತೊಗರಿಗೆ ನಡೀತೈತೇನು?" ಅಂದನಂತೆ. ಸಾವುಕಾರರು ಈ ಕತೆಯನ್ನು ರೈತನ ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಕೇಳಿದವರು ಬೇರೆ ಕಾರಣಕ್ಕೆ ನಗುತ್ತಾರೆ.

ಹುಚ್ಚು ಹಿಡಿದದ್ದಕ್ಕೆ ಒಂದು ನ್ಯಾಯವಾದ ಕಾರಣವೂ ಇತ್ತು ಅನ್ನಬೇಕು. ಅವರ ಕೆಎ 37 ನಂಬರಿನ ಸಣ್ಣ ಡೀಸೆಲ್ ಕಾರಿಗೆ ಹಾಕಿಸಿದ ಹೊಸ ಬುಶ್ ವರ್ಷ ತುಂಬುವುದರೊಳಗೆ ಹರಿದುಹೋಗುತ್ತಿತ್ತು. ಮಾಲು ಡೂಪ್ಲಿಕೇಟ್ ಅಂದರು ಒಬ್ಬರು, ರಸ್ತೆ ಸರಿಯಿಲ್ಲ ಅಂದರು ಇನ್ನೊಬ್ಬರು. ಕಡೆಗೆ ಸಾವುಕಾರರೇ ಪತ್ತೆಹಚ್ಚಿದರು: ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲೆತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟು ಬಿಗಿಯುತ್ತಾರೆ. ಆಮೇಲೆ ಗಾಡಿ ನೆಲಕ್ಕೆ ಇಳಿದಾಗ ತೋಳು ಮೇಲೇರುತ್ತದೆ, ರಬ್ಬರು ಅಷ್ಟೂ ತಿರುಚಿಕೊಂಡು ನಿಲ್ಲುತ್ತದೆ. ಗಾಡಿ ಸುಮ್ಮನೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಗಾಡಿಯ ಭಾರ ನೆಲದ ಮೇಲೆ ಬಿದ್ದ ಮೇಲೆಯೇ ಕಡೆಯ ಬಿಗಿ ಕೊಡಬೇಕು. ಇದೊಂದು ಮಾತನ್ನು ಗ್ಯಾರೇಜಿಗೊಂದು ಬೋರ್ಡು ಬರೆದು ತೂಗುಹಾಕಿದರೂ ತಪ್ಪಿಲ್ಲ. ಸಾವುಕಾರರು ಅಷ್ಟಕ್ಕೆ ನಿಂತಿದ್ದರೆ ಜಿಲ್ಲೆಗೆ ಉಪಕಾರವಾಗುತ್ತಿತ್ತು. ಆದರೆ ಒಂದು ಸತ್ಯ ಸಿಕ್ಕ ಮನುಷ್ಯ ಎರಡನೆಯದನ್ನು ಹುಡುಕದೆ ಬಿಡುವುದಿಲ್ಲವಲ್ಲ.

ಎರಡನೆಯದು ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದ ಈ ಪದಾರ್ಥ ಇವತ್ತು ಗಾದಿಯ ಸ್ಪಂಜೂ ಹೌದು, ಚಪ್ಪಲಿಯ ಅಟ್ಟೆಯೂ ಹೌದು. ಸಾವುಕಾರರಿಗೆ ಅದು ಕೆಂಪು ಬುಶ್ಶಿನ ರೂಪದಲ್ಲಿ, ಕೊಯಿಮತ್ತೂರಿನಿಂದ ಕೊರಿಯರಿನಲ್ಲಿ ದರ್ಶನ ಕೊಟ್ಟಿತು. ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದರು. ಕೆಂಪಿನ ಮೇಲೆ ಕುಂಕುಮ ಕಾಣಲಿಲ್ಲ ಅಂತ ವಿಭೂತಿ ಎಳೆದರು.

ಹಾಕಿಸುವುದಕ್ಕೆ ಗಂಗಾವತಿಗೇ ಹೋಗಬೇಕು, ಏಕೆಂದರೆ ಹಳೆಯ ಬುಶ್ಶನ್ನು ಸುತ್ತಿಗೆಯಿಂದ ಬಡಿದು ತೆಗೆಯುವುದು ಅವರ ಮತದಲ್ಲಿ ಪಾಪ. ಹೈಡ್ರಾಲಿಕ್ ಪ್ರೆಸ್ಸೇ ಬೇಕು. ಅಲ್ಲಿನ ಮಿಸ್ತ್ರಿ ಕೆಂಪು ಬುಶ್ಶನ್ನು ಬೆರಳಲ್ಲಿ ತಿರುವಿ ನೋಡಿ, ಹಳೆಯದನ್ನು ಪಕ್ಕಕ್ಕಿಟ್ಟ.

"ಸಾವುಕಾರ್ರ, ಇದರಾಗ ನೋಡ್ರಿ, ರಬ್ಬರಿನ ಎರಡೂ ಕಡೆ ಸಂದು ಬಿಟ್ಟಾರ. ಕುಣಿ ಬಿದ್ದಾಗ ಗಾಲಿ ಒಂಚೂರು ಹಿಂದ ಸರೀಲಿ, ಅಡ್ಡ ಮಾತ್ರ ಸರೀಬಾರ್ದು ಅಂತ. ಕಂಪನಿಯವ್ರು ಹುಚ್ಚರೇನ್ರೀ?"

"ಅವರು ಮಂದಿ ಸುಖಕ್ಕ ಮಾಡ್ಯಾರ. ನನಗ ರಸ್ತೆ ಗೊತ್ತಾಗಬೇಕು."

"ಗೊತ್ತಾಗತೈತ್ರಿ," ಅಂದ ಮಿಸ್ತ್ರಿ, ಪ್ರೆಸ್ಸಿನ ಹಿಡಿಕೆ ಜಗ್ಗುತ್ತ.

ರಸ್ತೆ ನಿಜವಾಗಿಯೂ ಗೊತ್ತಾಗತೊಡಗಿತು. ಕೊಪ್ಪಳದ ಹತ್ತಿರ ಗಿಣಿಗೇರಿ ಕಡೆಯ ಲಾರಿಗಳು ಡಾಂಬರನ್ನು ಅದುಮಿ ಮಾಡಿದ ಜಾಡು ಗೊತ್ತಾಯಿತು. ಯಲಬುರ್ಗಾ ಸುತ್ತ ಎರಿ ಭೂಮಿ. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ, ಅದರ ಬೆನ್ನ ಮೇಲೆ ಮಲಗಿದ ರಸ್ತೆಯೂ ಅದರ ಜೊತೆ ಏಳುತ್ತ ಬೀಳುತ್ತ ತೆರೆತೆರೆಯಾಗುತ್ತದೆ. ಆ ತೆರೆಗಳೆಲ್ಲ ಒಂದೊಂದೇ ಲೆಕ್ಕಕ್ಕೆ ಸಿಕ್ಕವು. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಗದ್ದೆಯಿಂದ ನೇರ ರಸ್ತೆಗೆ ಹತ್ತಿದ ಟ್ರ್ಯಾಕ್ಟರಿನ ಕಬ್ಬಿಣದ ಕೇಜ್ ವೀಲ್ ಎಳೆದ ಗೀರುಗಳನ್ನು ಅವರು ಅಂಗೈಯಲ್ಲಿ ಓದಿದರು. ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು ಇವೆಲ್ಲವನ್ನೂ ಸೊಂಟದಲ್ಲಿ ಓದಿದರು.

ಇನ್ನು ಉಳಿದದ್ದು ಹ್ಯಾಂಡ್ಲಿಂಗ್. ಬುಶ್ ಗಟ್ಟಿಯಿದ್ದರೆ ತಿರುವಿನಲ್ಲಿ ಚಕ್ರದ ಕೋನ ಕದಲುವುದಿಲ್ಲ, ಸ್ಟೇರಿಂಗ್ ತಿರುವಿದ ಕೂಡಲೇ ಮೂತಿ ತಿರುಗುತ್ತದೆ, ಇದು ಸುಳ್ಳಲ್ಲ. ಆದರೆ ತಿರುವು ಬೇಕಲ್ಲ? ಕುಷ್ಟಗಿಯ ಮೇಲೆ ಹಾದ ರಾಷ್ಟ್ರೀಯ ಹೆದ್ದಾರಿ 50 ಇಳಕಲ್ಲಿನ ಕಡೆ ಹೋದರೂ ನೆಟ್ಟಗೆ, ಹೊಸಪೇಟೆಯ ಕಡೆ ಬಂದರೂ ನೆಟ್ಟಗೆ. ಒಳರಸ್ತೆಯಲ್ಲಿ ತಿರುವು ಇದ್ದರೆ ಸುಗ್ಗಿಯಲ್ಲಿ ಅದರ ಮೇಲೆ ಹುರುಳಿ ಒಣಹಾಕಿರುತ್ತಾರೆ, ಉಳಿದ ಕಾಲದಲ್ಲಿ ಕುರಿ ಇರುತ್ತವೆ. ಕುರಿ ಹಿಂಡಿನ ನಡುವೆ ರಬ್ಬರ್ ಬುಶ್ಶೂ ಒಂದೇ, ಪಾಲಿಯುರೆಥೇನೂ ಒಂದೇ.

ಹಾಗಾಗಿ ಸಾವುಕಾರರಿಗೆ ಭಕ್ತಿ ಹುಟ್ಟಿತು. ಗಂಗಾವತಿಯಿಂದ ಆನೆಗೊಂದಿಗೆ, ಅಲ್ಲಿಂದ ಸಾಣಾಪುರಕ್ಕೆ ಹೋಗುವ ದಾರಿ ಬಂಡೆಗುಡ್ಡಗಳ ಸಂದಿಯಲ್ಲಿ, ಗದ್ದೆಗಳ ಅಂಚಿನಲ್ಲಿ ಹೊರಳಿ ಹೊರಳಿ ಹೋಗುತ್ತದೆ. ಆ ದಾರಿಯಲ್ಲೇ ಅಂಜನಾದ್ರಿ. "ಹನುಮಪ್ಪನ ದರ್ಶನ ಮಾಡೂಣು ನಡಿ" ಅಂದಾಗ ಸಾವುಕಾರರ ಹೆಂಡತಿ ಅಕ್ಕೋರು ಮೊದಲ ಸಲ ಖುಷಿಪಟ್ಟು ಬುತ್ತಿ ಕಟ್ಟಿದ್ದರು. ಆರನೆಯ ತಿರುವಿನ ಹೊತ್ತಿಗೆ ಬುತ್ತಿಯ ಶೇಂಗಾ ಚಟ್ನಿ ಸೀಟಿನ ಕೆಳಗಿತ್ತು. ಅದಕ್ಕಿಂತ ದೊಡ್ಡ ಸಂಕಟ, ಮುಂದಿನ ಎಡಗಾಲಿಯ ಕಡೆಯಿಂದ ಕಿರ್ರ್ ಅನ್ನುವ ಸದ್ದು ಶುರುವಾಗಿತ್ತು.

ಪಾಲಿಯುರೆಥೇನ್ ತಿರುಚಿಕೊಳ್ಳುವ ಜಾತಿಯಲ್ಲ, ಒಳಗಿನ ಕೊಳವೆಯ ಮೇಲೆ ಜಾರುವ ಜಾತಿ. ಸಿಲಿಕೋನ್ ಗ್ರೀಸ್ ಸರಿಯಾಗಿ ಹಚ್ಚದಿದ್ದರೆ, ಧೂಳು ಹೊಕ್ಕರೆ, ಅದು ಬಾಯಿ ಬಿಡುತ್ತದೆ. ನಮ್ಮಲ್ಲಿ ಧೂಳಿಗೆ ಬರ ಇಲ್ಲ. ಅಕ್ಕೋರು ಒಬ್ಬರೇ ಬೆಟ್ಟದ 575 ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ, ಮಂಗಗಳಿಂದ ತೆಂಗಿನಕಾಯಿ ಉಳಿಸಿಕೊಂಡು ಇಳಿದು ಬಂದರೆ, ಗಂಡ ಪಾರ್ಕಿಂಗಿನಲ್ಲಿ ಗಾಡಿಯ ಕೆಳಗೆ. ಎರಡು ಕಾಲಷ್ಟೇ ಹೊರಗೆ. ಆ ಕಾಲುಗಳನ್ನು ಉದ್ದೇಶಿಸಿ ಅವರು ಆಡಿದ ಮಾತು ಈಗ ಕುಷ್ಟಗಿಯಲ್ಲಿ ಎಲ್ಲರ ಬಾಯಲ್ಲಿದೆ: "ಏನ್ರೀ, ಇಷ್ಟೂ ಮೆಟ್ಟಲಾ ಹತ್ತಿ ಇಳದ್ನಿ. ನನ್ನ ಮೊಣಕಾಲ ಒಂದ್ ಸಲಾನೂ ಕಿರ್ ಅನ್ನಲಿಲ್ಲ. ಇಪ್ಪತ್ತೈದು ವರ್ಷದಾಗ ಒಮ್ಮೆರ ಗ್ರೀಸ್ ಹಚ್ಚಿಸೀರೇನು?"

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೂ ಹೋಗುತ್ತಾರೆ. ಲಕ್ಷಾಂತರ ಮಂದಿ ತೇರಿನ ಕಳಸ ನೋಡಿ ಉತ್ತತ್ತಿ ಎಸೆಯುವಾಗ ಇವರು ಬಗ್ಗಿ ಗಾಲಿ ನೋಡುತ್ತಿರುತ್ತಾರೆ. "ಸ್ಪ್ರಿಂಗ್ ಇಲ್ಲ, ಶಾಕಪ್ ಇಲ್ಲ, ಬುಶ್ ಇಲ್ಲ. ಗಾಲಿಗೆ ಕಟ್ಟಿಗಿ ಕೊಡೂ ಮಂದೀನ ಸ್ಟೇರಿಂಗು. ನೋಡ್ರಿ ಹೆಂಗ ಲೈನ್ ಹಿಡದು ಹೊಂಟೈತಿ!" ಪಕ್ಕದವರು ಭಕ್ತಿಯ ಮಾತು ಅಂದುಕೊಂಡು ಕೈಮುಗಿಯುತ್ತಾರೆ. ರೇಸಿನ ಕಾರುಗಳಲ್ಲಿ ರಬ್ಬರೂ ಇಲ್ಲ, ಪಾಲಿಯುರೆಥೇನೂ ಇಲ್ಲ, ಬರೀ ಲೋಹದ ಗುಂಡಿನ ಜಾಯಿಂಟು ಇರುತ್ತದೆ ಅನ್ನುವುದು ಅವರಿಗೆ ಗೊತ್ತಾಗಿದೆ. ಅತ್ತೆಯವರಿಗೆ ಇನ್ನೂ ಗೊತ್ತಾಗಿಲ್ಲ.

ಮನೆಯವರ ಒತ್ತಾಯಕ್ಕೆ ಹೋದ ದೀಪಾವಳಿಯ ಹೊತ್ತಿಗೆ ಗಾಡಿ ಮಾರುವ ಮಾತು ಬಂತು. ಯಲಬುರ್ಗಾದಿಂದ ಒಬ್ಬರು ನೋಡಲು ಬಂದರು. ಸಾವುಕಾರರು ಪಕ್ಕದಲ್ಲಿ ಕೂತು, ಒಂದು ಸುತ್ತು ಓಡಿಸಲು ಕೊಟ್ಟರು. ಬಸ್‌ಸ್ಟ್ಯಾಂಡಿನ ಹಂಪ್ಸ್ ದಾಟಿದ್ದೇ ಬಂದವರು ಹಲ್ಲು ಕಚ್ಚಿಕೊಂಡು ಅಂದರು: "ಸಾವುಕಾರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗಾಡಿ ಬಾಳ ಬಿರುಸೈತಿ. ನಾಕೂ ಶಾಕಪ್ ಹೋಗ್ಯಾವ, ಕಿರ್ ಅಂತ ಸಪ್ಪಳಾನೂ ಐತಿ. ಇಪ್ಪತ್ತು ಸಾವಿರ ಕಡಿಮಿ ಮಾಡ್ಕೊಂಡ್ರ ವಿಚಾರ ಮಾಡೂಣು."

ಇಪ್ಪತ್ತು ಸಾವಿರ! ಕೆಂಪು ಬುಶ್ಶಿಗೆ, ಪ್ರೆಸ್ಸಿಗೆ, ಅಲೈನ್ಮೆಂಟಿಗೆ ಅಂತ ಹೆಚ್ಚೂಕಡಿಮೆ ಅಷ್ಟೇ ಸುರಿದಿದ್ದರು. ಸಾವುಕಾರರ ಮುಖ ಕಪ್ಪಾಯಿತು. ಮಾತಾಡದೆ ಅಂಗಡಿ ಮುಂದೆ ಇಳಿದರು, ಬಂದವರ ಕಾರಿನ ಹತ್ತಿರ ಹೋದರು, ಮುಂದಿನ ಬಾನೆಟ್ಟನ್ನು ಎರಡೂ ಕೈಯಿಂದ ಒಮ್ಮೆ ಅದುಮಿ ಬಿಟ್ಟರು. ತಲೆ ವಾಲಿಸಿ ಕೇಳಿಸಿಕೊಂಡರು. ಮತ್ತೊಮ್ಮೆ ಅದುಮಿದರು. ಮುಖ ನಿಧಾನಕ್ಕೆ ಅರಳಿತು.

"ಗಾಡಿ ಮಾರೂದಿಲ್ಲ, ಬಿಡ್ರಿ. ನಿಮ್ಮದಾ ಬಲಗಡೆ ಲೋವರ್ ಆರ್ಮ್ ಬುಶ್ ಮುಗದೈತಿ. ಇದರಾಗ ಯಲಬುರ್ಗಾದಿಂದ ಹೆಂಗ ಬಂದ್ರಿ? ತಮ್ಮಾ, ಅಂಗಡಿ ನೋಡ್ಕೋ, ನಾವು ಗಂಗಾವತಿಗಿ ಹೋಗಿ ಬರ್ತೀವಿ. ಹತ್ರಿ ಹತ್ರಿ, ನಾನಾ ಓಡಸ್ತೀನಿ."