‘ಮೇಲಿಂದ ಬಿಲ್ ಪಾಸಾಗಿಲ್ಲ’ ಎನ್ನುವ ಮುಖ್ಯ ಗುತ್ತಿಗೆದಾರರಿಗೆ ಬಹಿರಂಗ ಪತ್ರ

ಮಾನ್ಯರೇ,

ಉಪಗುತ್ತಿಗೆದಾರನ ಹಣ ತಡೆಯುವ ಮಂತ್ರಗಳಲ್ಲಿ ‘ಮೇಲಿಂದ ಬಿಲ್ ಪಾಸಾಗಿಲ್ಲ’ ಎಂಬುದಕ್ಕೆ ಸಾಟಿಯಿಲ್ಲ. ಈ ‘ಮೇಲೆ’ ಎಲ್ಲಿದೆಯೆಂದು ಕಂಡವರಿಲ್ಲ. ಸೈಟ್ ಎಂಜಿನಿಯರಿಗೆ ಅದು ಬಿಲ್ಲಿಂಗ್ ಸೆಕ್ಷನ್, ಬಿಲ್ಲಿಂಗಿನವರಿಗೆ ಅಕೌಂಟ್ಸು, ಅಕೌಂಟ್ಸಿನವರಿಗೆ ಸದಾ ಊರಲ್ಲಿಲ್ಲದ ಎಂ.ಡಿ. ‘ನಮಗೆ ಬಂದರೆ ನಿಮಗೆ’ ಎಂಬ ಕರಾರನ್ನು ಬ್ರಿಟನ್ನಿನ 1996ರ ಕಾಯ್ದೆ ಬಹುಮಟ್ಟಿಗೆ ರದ್ದು ಮಾಡಿತು. ಭಾರತದಲ್ಲಿ ಅಂಥ ಕಾಯ್ದೆಯಿಲ್ಲ. ಹಾಗಾಗಿ ಕೆಲಸ ಹಿಡಿಯುವ ಮೊದಲೇ ನಾವು ವರ್ಕ್ ಆರ್ಡರಿನಲ್ಲಿ ಆ ಸಾಲನ್ನು ಹುಡುಕಿ ಹೊಡೆಸಿ, ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಎಂದು ಬರೆಸಬೇಕು. ಬಿಲ್ಲಿನಿಂದ ಹಿಡಿದಿಟ್ಟ ರಿಟೆನ್ಶನ್ ಹಣಕ್ಕೂ ತಾರೀಕು ಬೇಕು. ‘ಪ್ರಾಜೆಕ್ಟ್ ಮುಗಿದ ಮೇಲೆ’ ಎಂಬ ತಾರೀಕು ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಮುಂದಿನದು ಅಳತೆ. ಬಾರ್ ಬೆಂಡಿಂಗಿನ ಕೂಲಿ ಟನ್ನಿನ ಲೆಕ್ಕ. ಸ್ಲ್ಯಾಬಿಗೆ ಕಾಂಕ್ರೀಟ್ ಬಿದ್ದ ಮೇಲೆ ಒಳಗಿನ ಕಂಬಿ ಎಣಿಸುವವರಾರು? ಕಂಬಿಗೆ ಕಂಬಿ ಕೂಡಿಸಿದ ಲ್ಯಾಪು, ಮೇಲಿನ ಜಾಲರಿಯನ್ನು ಎತ್ತಿ ನಿಲ್ಲಿಸಿದ ಚೇರು ಎಲ್ಲ ಬಿಲ್ಲಿನಿಂದ ಒಂದೊಂದಾಗಿ ಮಾಯ. ಆದ್ದರಿಂದ ಕಾಂಕ್ರೀಟಿಗೆ ಮುಂಚೆಯೇ ಜಂಟಿ ಅಳತೆ, ಟೇಪು ಹಿಡಿದ ಫೋಟೊ, ಕಂಬಿಗಳ ಶೆಡ್ಯೂಲಿನ ಮೇಲೆ ಎಂಜಿನಿಯರರ ಸಹಿ ಆಗಬೇಕು. ರಾತ್ರಿಯೆಲ್ಲ ಕಾಂಕ್ರೀಟ್ ಪಂಪು ಓಡಿಸಬಲ್ಲ ಕಂಪನಿಗೆ ಆ ಒಂದು ಸಹಿಗೆ ಪೆನ್ನು ಸಿಗುವುದಿಲ್ಲ. ಇತ್ತ ಆಳುಗಳ ಶನಿವಾರದ ಬಟವಾಡೆ ‘ಮೇಲಿಂದ’ ಬರುವ ತನಕ ತಡೆಯುವುದೇ? ಚೀಟಿ ಎತ್ತಿಯಾದರೂ ಕೊಡಬೇಕು. ಇನ್ವಾಯ್ಸ್ ಹಾಕಿದ ಮೇಲೆ ಕೈಗೆ ಕಾಸು ಬಾರದಿದ್ದರೂ ಜಿಎಸ್‌ಟಿ ಕಟ್ಟಬೇಕು. ಹೀಗೆ ಬಿಲ್ ತಡೆದು ಕೂಲಿಯವರ ಬೆವರಿನಿಂದ ಕೇಳದೆ ಎತ್ತಿದ ಈ ಬಡ್ಡಿಯಿಲ್ಲದ ಸಾಲಕ್ಕೆ ಆಫೀಸಿನವರು ಇಟ್ಟ ಹೆಸರು ‘ಪ್ರೊಸೆಸ್’. ನಾಚಿಕೆಗೇಡು!

ಕಾನೂನಿನ ಆಸರೆ ಇಲ್ಲದಿಲ್ಲ. ಗುತ್ತಿಗೆಗೆ ಮುಂಚೆಯೇ ಉದ್ಯಮ್ ನೋಂದಣಿ ಮಾಡಿಸಿದ ಕಿರು ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಗರಿಷ್ಠ 45 ದಿನದಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು-ಕೂಲಿ ಸೇರಿದ ಗುತ್ತಿಗೆಗೆ ಇದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳ ತೀರ್ಪು ಬೇರೆ ಬೇರೆ, ಆದ್ದರಿಂದ ಇದೊಂದನ್ನೇ ನಂಬಿ ಕೂರುವಂತಿಲ್ಲ. 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ನಿಯಮ ಇನ್ನೂ ಚುರುಕು: ಇಂಥ ಘಟಕಗಳಿಗೆ ಗಡುವು ಮೀರಿ ಉಳಿಸಿದ ಬಾಕಿಯನ್ನು ಕಂಪನಿ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಮಾರ್ಚ್ ಬಂತೆಂದರೆ ‘ಮೇಲಿನವರು’ ದಿಢೀರನೆ ಊರಿಗೆ ಬರುವುದು ಇದಕ್ಕೇ.

ಚೆಕ್ಕು ಬೌನ್ಸಾದರೆ, ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ‘ಇನ್ನೊಮ್ಮೆ ಹಾಕಿ ನೋಡಿ’ ಎಂಬ ಮಾತಿಗೆ ಮರುಳಾಗಿ ಆ ದಿನಗಳನ್ನು ಕಳೆದುಕೊಂಡವರು ಬಹಳ. ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶ. ಅಷ್ಟರೊಳಗೆ ಬಾಕಿ ಒಪ್ಪಿ ಸಹಿ ಹಾಕಿದ ಕಾಗದ ಸಿಕ್ಕರೆ, ಆ ತಾರೀಕಿನಿಂದ ಮತ್ತೆ ಮೂರು ವರ್ಷ. ಫೋನಿನಲ್ಲಿ ‘ಮುಂದಿನ ವಾರ ನೋಡೋಣ’ ಎಂದದ್ದು ಲೆಕ್ಕಕ್ಕಿಲ್ಲ.

ಇಂತಿ,
ಒಬ್ಬ ಉಪಗುತ್ತಿಗೆದಾರ